ಕಿವಿ ತಿರುಗಿಸಿದ ಕೋಣಗಳು

“ಕೋಣಗಳು ಇರಲಿ. ಈ ಮನುಷ್ಯನನ್ನು ತೆಗೆ,” ಎಂದು ರಘುಪತಿ ಧಣಿಗಳು ಜೀಪಿನಿಂದ ಇಳಿಸಿದ ತೈಲಚಿತ್ರವನ್ನು ಸರ್ವೋತ್ತಮನ ಜಗಲಿಗೆ ಒರಗಿಸಿದರು. ಎಪ್ಪತ್ತೆರಡರಲ್ಲಿ, ಕಾರ್ಕಳದ ಅವರ ಬೈಲುಗದ್ದೆಯ ಬದುವಿನಲ್ಲಿ ಮೂರು ದಿನ ಕುಳಿತು ಅವನೇ ಬರೆದದ್ದು. ಕೆಸರಿನಲ್ಲಿ ಜೋಡಿ ಕೋಣ, ಹಿಂದೆ ನೇಗಿಲು ಹಿಡಿದ ಐತ, ಮೂಲೆಯಲ್ಲಿ ಇಸವಿ. ಈಗದಕ್ಕೆ ನಾಲ್ಕು ವರ್ಷ.

“ಎಂತಕ್ಕೆ ಧಣಿ? ನಾಲ್ಕು ದಿನ ಕೆಳಗಿಳಿಸಿಟ್ಟರೆ ಸಾಲದಾ?”

“ನನ್ನ ಕೋಣವನ್ನು ಅಟ್ಟಕ್ಕೆ ಹಾಕುವುದಾ? ಚಾವಡಿಗೆ ಬಂದವರು ಮೊದಲು ನೋಡುವುದೇ ಅದನ್ನು. ನಾಳೆ ಹತ್ತು ಗಂಟೆಗೆ ಟ್ರಿಬ್ಯೂನಲಿನವರು ಬರುತ್ತಾರೆ, ಅದರ ಮೊದಲು ನೀನೇ ತಂದು ತೂಗುಹಾಕು. ಮತ್ತೆ, ನೀನು ಕೂತ ಈ ಮನೆ ಯಾರದ್ದು ಅಂತ ನೆನಪುಂಟಲ್ಲ?”

ನೆನಪಿಲ್ಲದೆ ಏನು? ಉಳುವವನಿಗೇ ಭೂಮಿ ಎಂದು ಕಾನೂನು ಬಂದಾಗ ಐತ ತಾನು ಉಳುವ ಗದ್ದೆಗೆ ಡಿಕ್ಲರೇಶನ್ ಹಾಕಿದ್ದ, ಆ ಮಳೆಗಾಲದಲ್ಲೇ ಸತ್ತಿದ್ದ. ಈಗ ಹೆಂಡತಿ ಗುಣವತಿ ಕೇಸು ನಡೆಸುತ್ತಿದ್ದಳು. ಗೇಣಿಗೆ ಒಂದು ದಿನವೂ ರಶೀದಿ ಕೊಡದ ಧಣಿಗಳು, ಆ ಮನುಷ್ಯ ನನ್ನ ಗದ್ದೆಗೆ ಕಾಲಿಟ್ಟವನೇ ಅಲ್ಲ ಎಂದು ಬರೆದುಕೊಟ್ಟಿದ್ದರು. ಕೋಣಕ್ಕೆ ಹೆಸರಿತ್ತು, ಗದ್ದೆಗೆ ಹೆಸರಿತ್ತು. ಉತ್ತವನ ಹೆಸರು ಮಾತ್ರ ಧಣಿಗಳ ಯಾವ ಕಾಗದದಲ್ಲೂ ಇರಲಿಲ್ಲ.

ಮಧ್ಯಾಹ್ನ ಸರ್ವೋತ್ತಮ ಹಸಿರು ಕಲಸಿದ. ಪ್ರಾಣಿ, ಪಕ್ಷಿ, ಮರ ಬಿಟ್ಟು ಬೇರೇನನ್ನೂ ಬರೆಯದ ಅವನು ಬಣ್ಣದಲ್ಲಿ ಬರೆದ ಒಬ್ಬನೇ ಮನುಷ್ಯ ಐತ. ಮೊದಲು ಮುಖ ಮುಚ್ಚಿದ, ಆಮೇಲೆ ಎದೆ, ನೇಗಿಲು, ಮೂಲೆಯ ಇಸವಿ. ಕೋಣಗಳ ಮೈ ಮುಟ್ಟಲು ಮನಸ್ಸು ಬರಲಿಲ್ಲ.

“ಸರ್ವೋತ್ತಮಣ್ಣ, ಜೀಪು ಬಂದದ್ದು ಎಂತಕ್ಕೆ?” ಬೇಲಿಯಾಚೆ ಗುಣವತಿ.

ಅವನು ಚಿತ್ರವನ್ನು ಗೋಡೆಯ ಕಡೆ ತಿರುಗಿಸಿದ. “ಎಂತ ಇಲ್ಲ. ಬಣ್ಣ ಮಾಸಿದೆಯಂತೆ.”

“ಹಾಗಾದರೆ ನಮ್ಮವರ ಮುಖ ಸ್ವಲ್ಪ ಗಟ್ಟಿ ಮಾಡಿ ಅಣ್ಣ. ಮನೆಯಲ್ಲಿ ಒಂದು ಫೋಟೋ ಸಹ ಇಲ್ಲ.”

ಅವಳು ಹೋದ ಮೇಲೆ ಉಳಿದಿದ್ದ ಪಾದಗಳನ್ನೂ ಮುಚ್ಚಿದ.

ಮರುದಿನ ಗುಣವತಿಯನ್ನು ಅಂಗಳದ ಬಿಸಿಲಲ್ಲಿ ನಿಲ್ಲಿಸಿ, ಟ್ರಿಬ್ಯೂನಲಿನವರು ಚಾವಡಿಯಲ್ಲಿ ಎಳನೀರು ಕುಡಿದರು. ಸರ್ವೋತ್ತಮ ಗೋಡೆಗೆ ತೂಗುಹಾಕಿ ಪಕ್ಕಕ್ಕೆ ನಿಂತಿದ್ದ. ಚಿತ್ರ ಕಂಡದ್ದೇ ಮೆಂಬರು ದಾಮೋದರರು ಲೋಟ ಕೆಳಗಿಟ್ಟು ಎದ್ದರು. ಅವರು ತಲೆಮಾರುಗಳಿಂದ ಕೋಣ ಸಾಕಿದ ಮನೆಯವರು.

“ಮೈಯ ಹೊಳಪು ನೋಡಿ ಮಾರಾಯ್ರೆ! ಆದರೆ ಎರಡರ ಕಿವಿಯೂ ಹಿಂದಕ್ಕೆ ತಿರುಗಿದೆಯಲ್ಲ? ಹಿಂದೆ ಯಾರಾದರೂ ಕರೆಯದೆ ಜೋಡಿ ಕೋಣ ಹೀಗೆ ಕಿವಿ ಕೊಡುವುದುಂಟಾ?”

“ಗಾಳಿಗೆ ಇರಬೇಕು,” ಎಂದು ಧಣಿಗಳು ನಕ್ಕರು.

“ಗಾಳಿಗೆ ನಿಮ್ಮ ಕೋಣಗಳ ಹೆಸರು ಗೊತ್ತುಂಟಾ? ಬರೆದವರನ್ನೇ ಕೇಳುವ. ಎಂತ ಆರ್ಟಿಸ್ಟರೇ, ಹಿಂದೆ ಇದ್ದದ್ದು ಯಾರು?”

ಧಣಿಗಳ ಕಣ್ಣು ಸರ್ವೋತ್ತಮನ ಮೇಲೆ. ಮನೆ, ಹಂಚು, ಬಾವಿ, ಎಲ್ಲವೂ ಆ ಕಣ್ಣಿನಲ್ಲಿ ಇತ್ತು. ಅವನು ಹೆಗಲ ಮೇಲಿನ ಬೈರಾಸು ಎಳೆದು, ಎರಡು ಹೆಜ್ಜೆ ಮುಂದೆ ಹೋಗಿ ಚಿತ್ರದ ಮೇಲೆ ಒತ್ತಿ ಒರೆಸಿದ. ಐತನಿಗೆ ಒಣಗಲು ನಾಲ್ಕು ವರ್ಷ ಸಿಕ್ಕಿತ್ತು. ನಿನ್ನೆಯ ಹಸಿರು ಇನ್ನೂ ಹಸಿಯಾಗಿತ್ತು. ಒಂದು ಹಣೆ, ಎರಡು ಕಣ್ಣು ಮೇಲೆದ್ದು ಬಂದವು.

“ಏಯ್, ಎಂತ ಮಾಡ್ತಿ ನೀನು!” ಧಣಿಗಳು ಕುರ್ಚಿ ತಳ್ಳಿ ಎದ್ದರು.

ಅಷ್ಟರಲ್ಲಿ ಗುಣವತಿ, ಹುಟ್ಟಿದಂದಿನಿಂದ ಯಾರೂ ತನ್ನನ್ನು ಹತ್ತಗೊಡದ ಆ ಚಾವಡಿಯ ಮೆಟ್ಟಿಲನ್ನು ಹತ್ತಿ ಬಂದಿದ್ದಳು. ಯಾರ ಮುಖವನ್ನೂ ನೋಡಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿ, ಗಂಡನ ಬಾಯಿಯ ಮೇಲೆ ಉಳಿದಿದ್ದ ಹಸಿರನ್ನು ಒರೆಸತೊಡಗಿದಳು.