ಪಟ್ಟಿಯಿಂದ ಬಿಟ್ಟ ಹೆಸರು

"ನಿಮ್ಮ ಹೆಸರು ಪಟ್ಟಿಯಲ್ಲಿಲ್ಲ," ಎಂದಳು ಗಾಜಿನಾಚೆ ಕುಳಿತಿದ್ದ ವೀಸಾ ಅಧಿಕಾರಿ.

ರುಮ್ಯಾನಾ ನಕ್ಕುಬಿಟ್ಟಳು. ಇಪ್ಪತ್ತೆರಡು ವರ್ಷದಿಂದ ಊರಿನ ಹಾಡುಗಾರರ ತಂಡದ ಮುಖ್ಯ ದನಿ ಅವಳದೇ. "ಇನ್ನೊಂದ್ಸಲ ನೋಡಿ. ನಾವು ಏಳು ಜನ. ಹಾಡೋರು ಆರು ಹೆಂಗಸರು, ವಾದ್ಯ ಊದೋನು ಒಬ್ಬ. ಊದೋನು ನನ್ನ ಗಂಡನೇ."

"ಏಳಿತ್ತು, ಈಗ ಆರು. ನಿಮಗೆ ಆರೋಗ್ಯ ಸರಿಯಿಲ್ಲ, ಹೆಸರು ಬಿಡಿ ಅಂತ ನಿಮ್ಮ ತಂಡದಿಂದಲೇ ಚಿಕಾಗೋ ಉತ್ಸವದ ಆಯೋಜಕರಿಗೆ ಪತ್ರ ಹೋಗಿದೆ. ಪಟ್ಟಿಯಲ್ಲಿ ಇದ್ದವರಿಗಷ್ಟೇ ವೀಸಾ."

ಪಾಸ್‌ಪೋರ್ಟ್ ಗಾಜಿನ ಕೆಳಗಿಂದ ಹಿಂದಕ್ಕೆ ಜಾರಿಬಂತು.

ಹೊರಗೆ ರಾಜಧಾನಿ ಸೋಫಿಯಾದ ಬಿಸಿಲಲ್ಲಿ ಉಳಿದವರು ಕಾಯುತ್ತಿದ್ದರು. ಮೊದಲು ಒಳಗೆ ಹೋಗಿದ್ದವನು ಅವಳ ಗಂಡ ಆಸೆನ್. ಕೊನೆಯ ಸರದಿ ಅವಳದು. ಮದುವೆಗೆ ಮುಂಚೆ ಎರಡು ಸಲ ವೀಸಾ ಕೇಳಿ ಬರಿಗೈಲಿ ಬಂದಿದ್ದ ಆಸೆನ್ ಇವತ್ತು ಎಲ್ಲರಿಗೂ ಎಳ್ಳಿನ ಬ್ರೆಡ್ ಕೊಡಿಸಿದ್ದ. ವಾಪಸ್ ಬರುತ್ತೀರೆಂದು ಏನು ಖಾತ್ರಿ ಎಂದು ಅಧಿಕಾರಿ ಎಲ್ಲರನ್ನೂ ಕೇಳಿದ್ದಳಂತೆ. ಅದೇ ಮಾತಿಗೆ ಹೆಂಗಸರು ನಗುತ್ತಿದ್ದರು.

"ನನ್ನ ಮೂರು ಹಸು ಕರೆಯೋರ್ಯಾರಮ್ಮ ಅಂದೆ. ಮರುಮಾತಿಲ್ಲದೆ ಕೊಟ್ಟಳು!" ಎಂದಳು ತಂಡದ ಯಜಮಾನಿ ವೆಲಿಕಾ.

ಆಗ ರುಮ್ಯಾನಾಳ ಮುಖ ಕಂಡಿತು. ನಗು ನಿಂತಿತು.

ವೆಲಿಕಾ ಅಲ್ಲೇ ಚಿಕಾಗೋಗೆ ಫೋನ್ ಮಾಡಿದಳು. ಪತ್ರ ಹೋಗಿದ್ದು ನಿಜ. ಊರಿನ ಸಭಾಭವನದ ಕಂಪ್ಯೂಟರಿನಿಂದ, ತಂಡದ ಹೆಸರಿನಲ್ಲೇ ಹೋಗಿತ್ತು. ಅದರ ಪಾಸ್‌ವರ್ಡು ಮರೆಯಬಾರದೆಂದು ಗೋಡೆಗೇ ಅಂಟಿಸಿದ್ದರು. ಏಳು ಜನರಲ್ಲಿ ಯಾರು ಬೇಕಾದರೂ ಕಳಿಸಿರಬಹುದು. ಹೊಸ ಅರ್ಜಿಗೆ ತಿಂಗಳುಗಳೇ ಬೇಕು. ಉತ್ಸವಕ್ಕೆ ಉಳಿದಿದ್ದು ಮೂರು ವಾರ.

ಎಲ್ಲರ ಕಣ್ಣೂ ಇಸ್ಕ್ರಾಳ ಕಡೆ ಹೊರಳಿತು. ಎರಡು ವರ್ಷದ ಹಿಂದೆ ಸೇರಿದ ಹುಡುಗಿ. ಚಂದದ ದನಿ. ರುಮ್ಯಾನಾ ಇಲ್ಲದಿದ್ದರೆ ಒಂಟಿ ಹಾಡು ಅವಳ ಪಾಲಿಗೇ.

ಬೆಟ್ಟದ ದಾರಿಯಲ್ಲಿ ಬಸ್ಸು ಕಾಫಿಗೆ ನಿಂತಾಗ ರುಮ್ಯಾನಾ ಅವಳನ್ನು ಅಡ್ಡಗಟ್ಟಿದಳು.

"ನನಗೇನು ಕಾಯಿಲೆ ಅಂತ ಬರೆದೆ? ಹೃದಯದ್ದೋ, ಗಂಟಲಿನದ್ದೋ?"

"ಅಕ್ಕಾ, ನಾನಲ್ಲ. ನಿಮ್ಮ ಹಾಡು ಹೇಳೋಕೆ ನನಗೆ ಉಸಿರೇ ಸಾಲಲ್ಲ."

"ಬೇರೆಯೋರ ಉಸಿರು ಕಟ್ಟಿಸೋಕೆ ಸಾಲುತ್ತಲ್ಲ, ಬಿಡು."

ಇಸ್ಕ್ರಾ ಅಳುತ್ತ ಬಸ್ಸು ಹತ್ತಿದಳು. ಆಸೆನ್ ಹೆಂಡತಿಯ ಭುಜ ಹಿಡಿದು, "ಆಗಿದ್ದು ಆಯ್ತು, ಜಗಳ ಬೇಡ," ಎಂದ.

ಮನೆಯಲ್ಲಿ ಅವನು ಹುರುಳಿಕಾಯಿ ಸಾರಿನ ತಟ್ಟೆ ಪಕ್ಕಕ್ಕೆ ಸರಿಸಿದ. "ನೀನಿಲ್ಲದೆ ನಾನ್ಯಾಕೆ ಹೋಗಲಿ? ನಾಳೆನೇ ವೆಲಿಕಾಗೆ ಹೇಳಿಬಿಡ್ತೀನಿ."

ಆ ಒಂದು ಮಾತಿಗೆ ರುಮ್ಯಾನಾ ಕರಗಿಹೋದಳು. ಲೋಕವೆಲ್ಲ ಕೈಬಿಟ್ಟರೂ ಇವನೊಬ್ಬನಿದ್ದಾನೆ ಅನ್ನಿಸಿತು. ಎರಡು ದಿನ ಯೋಚಿಸಿ ತಾನೇ ಅವನಿಗೆ ಬುದ್ಧಿ ಹೇಳಿದಳು. ಅವನ ಶ್ರುತಿಯಿಲ್ಲದೆ ಐವರೂ ದಿಕ್ಕೆಡುತ್ತಾರೆ. ತನ್ನೊಬ್ಬಳ ಸಿಟ್ಟಿಗೆ ಅವರು ಬಲಿಯಾಗುವುದು ಬೇಡ.

"ನಿನಗೆ ಬೇಜಾರಿಲ್ವಾ?" ಎಂದು ಅವನು ಮೂರು ಸಲ ಕೇಳಿದ. ಮೂರು ಸಲವೂ ಅವಳು ಇಲ್ಲವೆಂದಳು.

ಒಂಟಿ ಹಾಡನ್ನು ಇಸ್ಕ್ರಾಗೆ ಕಲಿಸಲೂ ಒಪ್ಪಿದಳು. ಹಾಡು ಕೆಡಬಾರದಲ್ಲ! ಹದಿನೈದು ದಿನ ಹುಡುಗಿ ಬಂದಳು. ಎಲ್ಲಿ ಉಸಿರು ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ರುಮ್ಯಾನಾ ತೋರಿಸಿದಳು. ಹಾಡಿನಾಚೆ ಒಂದು ಮಾತೂ ಆಡಲಿಲ್ಲ. ಹುಡುಗಿ ಬಾಗಿಲಲ್ಲಿ ಏನೋ ಹೇಳಲು ತಡವರಿಸಿದರೆ, "ಪಾಠ ಮುಗೀತು," ಎಂದು ಬಾಗಿಲು ಹಾಕಿಕೊಂಡಳು.

ಅವರು ಹೋದರು. ಚಪ್ಪಾಳೆಯ ವಿಡಿಯೊ ಬಂತು. ಮೊದಲ ವಾರ ಆಸೆನ್ ದಿನವೂ ಫೋನ್ ಮಾಡಿದ. ಎರಡನೆಯ ವಾರ ಎರಡು ಸಲ. ಆಮೇಲೆ ಇಲ್ಲ. ತಿರುಗಾಟದ ಸುಸ್ತು ಎಂದುಕೊಂಡು ಅವಳು ಅವನು ಬರುವ ದಿನಕ್ಕೆ ಚೀಸ್ ತುಂಬಿದ ಬನಿತ್ಸಾ ಬೇಯಿಸಿದಳು.

ಬಾಗಿಲು ಬಡಿದವಳು ಇಸ್ಕ್ರಾ. ಬಸ್ಸಿಳಿದು ನೇರ ಬಂದಿದ್ದಳು. ಪೆಟ್ಟಿಗೆ ಇನ್ನೂ ಕೈಯಲ್ಲೇ ಇತ್ತು.

"ಆಸೆನ್ ಎಲ್ಲಿ?"

"ಬರಲಿಲ್ಲ ಅಕ್ಕಾ. ಕೊನೇ ಕಛೇರಿ ಆದ ಮಾರನೇ ಬೆಳಿಗ್ಗೆ ಕೋಣೆ ಖಾಲಿ. ನನ್ನನ್ನ ಹುಡುಕಬೇಡಿ ಅಂತ ಚೀಟಿ ಇಟ್ಟಿದ್ರು. ನಿಮಗೆ ಫೋನಲ್ಲಿ ಹೇಳೋ ಧೈರ್ಯ ವೆಲಿಕಾ ಅಕ್ಕಂಗೂ ಬರ್ಲಿಲ್ಲ, ನನಗೂ ಬರ್ಲಿಲ್ಲ."

ರುಮ್ಯಾನಾಗೆ ಸಿಟ್ಟು ಬಂತು. ಎದುರಿಗಿದ್ದವಳ ಮೇಲೇ ಬಂತು.

"ನಿನ್ನಿಂದಲೇ ಇದೆಲ್ಲ! ನೀನು ಆ ಪತ್ರ ಬರೀದಿದ್ರೆ ನಾನು ಜೊತೇಲಿರ್ತಿದ್ದೆ. ಅಲ್ಲಿ ಯಾರೋ ಅವನ ತಲೆ ಕೆಡಿಸಿದ್ದಾರೆ. ಇಲ್ಲಿಂದ ಹೊರಟಾಗ ಅವನ ಮನಸ್ಸಲ್ಲಿ ಅಂಥದ್ದೇನೂ ಇರಲಿಲ್ಲ."

ಇಸ್ಕ್ರಾ ಪೆಟ್ಟಿಗೆ ಕೆಳಗಿಟ್ಟಳು. ಈ ಸಲ ಅವಳು ಅಳಲಿಲ್ಲ.

"ಸೋಫಿಯಾದಲ್ಲಿ ಆಸೆನಣ್ಣ ಆದಮೇಲೆ ನನ್ನ ಸರದಿ, ಅವರ ಬೆನ್ನ ಹಿಂದೇ ನಿಂತಿದ್ದೆ. ಅವರು ಗಾಜಿನ ಮುಂದೆ ನಿಂತು ಹೇಳಿದ್ದು ನನ್ನ ಕಿವಿಗೆ ಬಿತ್ತು. ಅದೇನು ಅಂತ ಆಗ ನನಗೆ ಹೊಳೀಲಿಲ್ಲ. ಹೊಳೆದ ಮೇಲೆ ಹೇಳೋಣ ಅಂದ್ರೆ ನೀವು ಬಾಗಿಲು ಹಾಕ್ಕೊಂಡ್ರಿ."

"ಏನು ಹೇಳಿದ?"

"'ನಾನು ವಾಪಸ್ ಬಂದೇ ಬರ್ತೀನಿ, ನನ್ನ ಹೆಂಡತಿ ಇಲ್ಲೇ ಉಳೀತಾಳಲ್ಲ' ಅಂದ್ರು ಅಕ್ಕಾ. ಆಗಿನ್ನೂ ನಿಮ್ಮ ಸರದಿ ಬಂದೇ ಇರಲಿಲ್ಲ."