ಹಳೇ ಟೆಂಪೋಗೆ ತಂದ ಬಾಟ್ಲಿ

ಗ್ಯಾರೇಜಿನ ಮುಂದೆ ಡೀಸೆಲ್ ಘಾಟು ಮೂಗಿಗೆ ಬಡಿದರೆ ಈಗಲೂ ನನಗೆ ರಾಣೇಬೆನ್ನೂರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ನಮ್ಮ ಹಳೇ ಟೆಂಪೋ ಕರಿಹೊಗೆ ಉಗುಳುತ್ತಿತ್ತು, ಏರು ಬಂದರೆ ನಿಂತೇಬಿಡುತ್ತಿತ್ತು. ಅಪ್ಪ ಅದನ್ನು ಗುಜರಿಗೆ ಹಾಕಲು ಹೊರಟಿದ್ದ. ಅದರಲ್ಲೇ ಗಾಡಿ ಓಡಿಸಲು ಕಲಿತಿದ್ದ ಅವ್ವ ಒಪ್ಪಲಿಲ್ಲ. ನನ್ನನ್ನು ಕೂರಿಸಿಕೊಂಡು ಬಿಡಿಭಾಗಗಳ ಅಂಗಡಿಗೆ ಹೋದಳು. ಅಂಗಡಿಯ ಕಾಕಾ ಡೀಸೆಲ್‌ಗೆ ಬೆರೆಸುವ ಎರಡು ಬಾಟ್ಲಿ ಮುಂದಿಟ್ಟ.

“ಇದು ಎಂಜಿನ್ನಿಗೆ ಜೋರು ಕೊಡತೈತ್ರಿ ಅಕ್ಕಾರ. ಇದು ಒಳಗಿನ ಹೊಲಸು ತೊಳೀತೈತಿ. ಯಾವದು ಕೊಡ್ಲಿ?”

ಅವ್ವ ಜಿಡ್ಡುಜಿಡ್ಡಾದ ಬಾಟ್ಲಿಗಳನ್ನು ತಿರುಗಿಸಿ ನೋಡಿದಳು. “ಮೊದಲ ಹೊಲಸು ಹೋಗ್ಲಿರಿ. ಉಸರಾಡಾಕ ಬಂದ್ರ ತಾನ ಎಳೀತೈತಿ.”

“ಖರೇ ಅದ. ಆದ್ರ ಲಗೂನ ಗೊತ್ತಾಗಂಗಿಲ್ರಿ. ಟ್ಯಾಂಕ್ ಖಾಲಿ ಆಗೂತನಕ ಓಡಸ್ರಿ.”

ಅವ್ವ ಎರಡನೇ ಬಾಟ್ಲಿ ಕೊಂಡು ಅಲ್ಲೇ ಟೆಂಪೋದ ಟ್ಯಾಂಕಿಗೆ ಸುರಿದಳು. ಸೀಮೆಎಣ್ಣೆಯಂಥ ವಾಸನೆ ಅವಳ ಸೆರಗಿಗೂ ನನ್ನ ಲಂಗಕ್ಕೂ ಹತ್ತಿತು. ಬಂಕಿನಲ್ಲಿ ಡೀಸೆಲ್ ತುಂಬಿಸಿದೆವು.

ಆ ಟ್ಯಾಂಕು ಮುಗಿಯುತ್ತ ಬಂದಾಗ ಮೆಣಸಿನಕಾಯಿ ಚೀಲ ಹೇರಿಕೊಂಡು ಮೂವರೂ ಬ್ಯಾಡಗಿಗೆ ಹೊರಟೆವು; ಸ್ಟೇರಿಂಗ್ ಅವ್ವನ ಕೈಯಲ್ಲಿತ್ತು. ಏರು ಬಂತು. ಟೆಂಪೋ ನಿಲ್ಲಲಿಲ್ಲ. ಅಪ್ಪ ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದ. ಹೊಗೆ ತೆಳುವಾಗಿತ್ತು.

“ಗುಜರಿಯಾಂವಗ ಬರಬ್ಯಾಡ ಅಂತೀನಿ ತಗೋ,” ಅಂದ.

ಎದುರಿಗೆ ಯಾರೂ ಇರಲಿಲ್ಲ, ಆದರೂ ಅವ್ವ ಒಮ್ಮೆ ಉದ್ದಕ್ಕೆ ಹಾರ್ನ್ ಬಾರಿಸಿದಳು.