ಗಪ್ಪಾದ ರೇಡಿಯೊ

ಪ್ರಯೋಗಾಲಯದಲ್ಲಿ ಹಳೆಯ ರೇಡಿಯೊ ಹಚ್ಚಿದರೆ ಸಾಕು, ಕಾದ ಧೂಳಿನ ವಾಸನೆಗೆ ನಮ್ಮೂರು ಕುಲಗೋಡದ ಆ ಮಧ್ಯಾಹ್ನ ಎದ್ದು ಬರುತ್ತದೆ.

ಗೌಡರ ಕಟ್ಟೆಯ ಮೇಲೆ ರೇಡಿಯೊ ಹಾಡುತ್ತಿತ್ತು. ಕೆಳಗೆ ಅದರ ಅರ್ಥಿಂಗ್ ತಂತಿ ಹುಗಿದ ನೆಲಕ್ಕೆ ಉಪ್ಪುನೀರು ಸುರಿಯುವುದು ನನ್ನ ಅವ್ವನ ಕೆಲಸ. ನಮ್ಮ ಜಾತಿಯವರು ಕಟ್ಟೆ ಹತ್ತುವಂತಿರಲಿಲ್ಲ. ಅವ್ವ ನೀರು ಸುರಿದಳು, ರೇಡಿಯೊ ಗಪ್ಪಾಯಿತು.

"ತಂತಿ ಮುಟ್ಟಿ ಮೈಲಿಗಿ ಮಾಡಿದಿ! ಮೂಗು ತಿಕ್ಕು!" ಗೌಡರು ಗುಡುಗಿದರು.

"ಮುಟ್ಟಿಲ್ರಿ ಯಪ್ಪಾ," ಎನ್ನುತ್ತಲೇ ಅವ್ವ ಒದ್ದೆ ಮಣ್ಣಿಗೆ ಮೂಗು ತಿಕ್ಕಿದಳು. ಹಾಡು ಮರಳುವ ತನಕ, ಅರ್ಧ ತಾಸು, ಗೌಡರು ಅವಳನ್ನು ಏಳಗೊಡಲಿಲ್ಲ. ನಾನು ಹಲ್ಲು ಕಚ್ಚಿ ಮೇಲೆ ನೋಡಿದೆ. ಸೂರ್ಯನೊಬ್ಬನೇ ಇದ್ದ.

ಎಷ್ಟೋ ವರ್ಷಗಳ ಮೇಲೆ ಆ ರೇಡಿಯೊವನ್ನು ಗೌಡರ ಮೊಮ್ಮಗನಿಂದ ನಾನೇ ಕೊಂಡೆ. ಸೂರ್ಯನ ಮೇಲೆ ಜ್ವಾಲೆ ಸಿಡಿದರೆ ಆಕಾಶದ ಮೇಲ್ಪದರವಾದ ಅಯಾನುಗೋಳ ಕೆಲ ಹೊತ್ತು ರೇಡಿಯೊ ಅಲೆಗಳನ್ನು ನುಂಗುತ್ತದೆ. ಅದನ್ನು ಅಳೆಯುವುದೇ ನನ್ನ ನೌಕರಿ. ಆ ಮಧ್ಯಾಹ್ನದಂತೆ ಇವತ್ತೂ ನುಂಗಿತು. ರೇಡಿಯೊ ಗಪ್ಪಾಯಿತು.

"ಈಗ ಯಾರು ಮುಟ್ಯಾರ, ಹೇಳ್ರಿ ಗೌಡ್ರ?"